ಗೆಳೆಯ ಎನ್ನಲು ಹಿಂಜರಿಯುವ ನಾಲಿಗೆ

ಹೊಸದುರ್ಗದ ಕಡೆಯ ಹಳ್ಳಿಯಿಂದ ಚಿತ್ರದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿಯೊಬ್ಬಳ ಮನೆಗೆ ನೋಟ್ಸ್ ಕೊಡಲು ಸಹಪಾಠಿ ಬಂದಿದ್ದಾನೆ ಎಂದಿಟ್ಟುಕೊಳ್ಳಿ. ಜಗುಲಿಯ ಮೇಲೆ ಕುಳಿತ ಅಜ್ಜಿಗೆ ಅವನನ್ನು ಏನೆಂದು ಪರಿಚಯಿಸಬೇಕು? 'ನನ್ನ ಗೆಳೆಯ' ಎಂದರೆ ಅಜ್ಜಿಯ ಹುಬ್ಬು ಮೇಲೇರುತ್ತದೆ. 'ಸ್ನೇಹಿತ' ಎಂದರೆ ವೇದಿಕೆಯ ಭಾಷಣದಂತೆ ಕೇಳಿಸುತ್ತದೆ. 'ಮಿತ್ರ' ಎಂದು ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ಕೊನೆಗೆ 'ನಮ್ ಫ್ರೆಂಡು ಕಣಜ್ಜಿ' ಎಂದು ಇಂಗ್ಲಿಷಿನ ಮೊರೆ ಹೋಗಬೇಕಾಗುತ್ತದೆ.

ಪದಗಳಿಗೆ ಬರವಿದೆಯೆಂದಲ್ಲ. ಒಡನಾಡಿ, ಸಂಗಾತಿ, ಜೊತೆಗಾರ, ಓರಗೆಯವರು, ಗೆಣೆಕಾರ, ಪಾರ್ಸಿಯಿಂದ ಬಂದ ದೋಸ್ತ್ ಎಲ್ಲವೂ ಕನ್ನಡದಲ್ಲಿವೆ. ತೊಡಕಿರುವುದು ಅವುಗಳಿಗೆ ಅಂಟಿಕೊಂಡ ಅರ್ಥಗಳಲ್ಲಿ.

'ಗೆಳೆಯ' ಹಳಗನ್ನಡದ 'ಕೆಳೆಯ'. ಕೆಳೆ ಎಂದರೆ ಸ್ನೇಹ; ಗೆಳತಿ ಆಗ 'ಕೆಳದಿ'. ಇದರ ದಾಯಾದಿ ಪದಗಳಾದ ತಮಿಳಿನ 'ಕೇಳ್', 'ಕಿಳೈ' ಬಂಧುಬಳಗವನ್ನು ಸೂಚಿಸುತ್ತವೆ. 'ಕೇಳ್' ಎಂಬುದಕ್ಕೆ ಸ್ನೇಹಿತನೆಂಬ ಅರ್ಥವೂ ಉಂಟು. 'ನಂಟು' ಪದದ ಕಥೆ ಇನ್ನೂ ಸ್ವಾರಸ್ಯಕರ. ಹಿಂದೆ ಅದಕ್ಕೆ ಬಂಧುತ್ವ, ಸ್ನೇಹ ಎರಡೂ ಅರ್ಥಗಳಿದ್ದವು. ತಮಿಳಿನಲ್ಲಿ ಅದೇ ಬೇರಿನ 'ನಟ್ಪು' ಸ್ನೇಹವಾಗಿ ಉಳಿಯಿತು. ಕನ್ನಡದ 'ನೆಂಟ' ಮಾತ್ರ ಬಂಧುವೇ ಆಗಿಹೋದ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯಲ್ಲಿ ಬರುವವನು ಮನೆಗೆ ಬಂದು ಉಣ್ಣುವ ಈ ಬಂಧುವೇ.

ದುರ್ಗದವರಿಗೆ ಇದನ್ನು ಸಿನಿಮಾ ಮೂಲಕ ಹೇಳುವುದೇ ಸುಲಭ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು' 1972ರಲ್ಲಿ ತೆರೆಕಂಡಿತು. ಅದರಲ್ಲಿ ರಾಮಾಚಾರಿಯಾದ ವಿಷ್ಣುವರ್ಧನ್, ಜಲೀಲನಾದ ಅಂಬರೀಷ್ ಹೊಡೆದಾಡುವ ವೈರಿಗಳು. ತೆರೆಯ ಹಿಂದೆ ಇಬ್ಬರದೂ ಗಾಢ ಸ್ನೇಹ. 2001ರ 'ದಿಗ್ಗಜರು' ಚಿತ್ರದಲ್ಲಿ ಅವರು ಪ್ರಾಣಸ್ನೇಹಿತರಾದರು. ಅದರ ಹಾಡಿನಿಂದ 'ಕುಚಿಕು' ಪದ ಮನೆಮಾತಾಯಿತು. ಆ ಚಿತ್ರದ ತಮಿಳು ಮೂಲದ ಹೆಸರು 'ನಟ್ಪುಕ್ಕಾಗ', ಅಂದರೆ ಸ್ನೇಹಕ್ಕಾಗಿ. ಅಕ್ಷರಶಃ ಕನ್ನಡಕ್ಕೆ ತಂದು 'ನಂಟಿಗಾಗಿ' ಎಂದಿದ್ದರೆ ಪ್ರೇಕ್ಷಕರು ಮದುವೆಯ ಕಥೆ ಎಂದುಕೊಳ್ಳುತ್ತಿದ್ದರೇನೋ!

'ಸ್ನೇಹ' ಸಂಸ್ಕೃತದ್ದು. ಅಲ್ಲಿ ಅದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇದೆ. ಆ ಲೆಕ್ಕದಲ್ಲಿ ದುರ್ಗದ ಕೋಟೆಯ ಎಣ್ಣೆ ಕೊಳವನ್ನು 'ಸ್ನೇಹದ ಕೊಳ' ಎಂದರೂ ವ್ಯಾಕರಣ ತಪ್ಪಾಗದು. ವಚನಗಳಲ್ಲಿ ಕಾಣುವ 'ನೇಹ' ಇದರದೇ ತದ್ಭವ. ಆಡುಮಾತಿನಲ್ಲಿ ಅದು ಈಗ ಅಪರೂಪ.

ಬೇರೆ ಭಾಷೆಗಳು ಈ ತೊಡಕನ್ನು ಹೇಗೆ ನಿಭಾಯಿಸುತ್ತವೆ? ಸ್ಪ್ಯಾನಿಷ್ ನೋಡಬಹುದು. ಅಲ್ಲಿ ಗೆಳೆಯ 'ಅಮಿಗೊ', ಗೆಳತಿ 'ಅಮಿಗಾ'. ಪ್ರೀತಿಸುವವರಿಗೆ, ಮದುವೆ ನಿಶ್ಚಯವಾದವರಿಗೆ 'ನೋವಿಯೊ', 'ನೋವಿಯಾ' ಎಂಬ ಬೇರೆ ಪದಗಳಿವೆ. ಹೀಗಾಗಿ ಹುಡುಗಿ 'ಅಮಿಗೊ' ಎಂದರೆ ಅಲ್ಲಿನ ಅಜ್ಜಿಯ ಹುಬ್ಬು ಸಾಮಾನ್ಯವಾಗಿ ಮೇಲೇರದು. ತಮಾಷೆಯೆಂದರೆ, 'ಅಮಿಗೊ' ಹುಟ್ಟಿದ್ದೇ ಪ್ರೀತಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ. ಪ್ರೀತಿಯಿಂದ ಹೊರಟ ಪದ ಅಲ್ಲಿ ನಿರಾಳವಾಗಿದೆ. ಬಂಧುಬಳಗದ ಸಾಲಿನಿಂದ ಬಂದ ನಮ್ಮ 'ಗೆಳೆಯ' ಹೆಣ್ಣಿನ ಬಾಯಲ್ಲಿ ಪ್ರಿಯಕರನಾಗಿಬಿಟ್ಟಿದ್ದಾನೆ. 'ಕೊಂಪಾನ್ಯೆರೊ' ಎಂಬ ಇನ್ನೊಂದು ಪದದ ಒಳಗೆ ರೊಟ್ಟಿಯಿದೆ: ಒಂದೇ ರೊಟ್ಟಿ ಹಂಚಿ ತಿನ್ನುವ ಜೊತೆಗಾರ.

ನಮ್ಮಲ್ಲಿ ರೊಟ್ಟಿ ಯಾರೊಡನೆ ಎಂಬುದೂ ಬಹುಕಾಲ ಜಾತಿಯ ಪ್ರಶ್ನೆಯಾಗಿತ್ತು. ಹೊಳಲ್ಕೆರೆಯ ಅಡಿಕೆ ತೋಟದಲ್ಲಾಗಲಿ, ಹಿರಿಯೂರಿನ ಸಂತೆಯಲ್ಲಾಗಲಿ ಒಂದು ಜಾತಿಯವನು ಇನ್ನೊಂದು ಜಾತಿಯವನನ್ನು 'ಅಣ್ಣ', 'ಮಾವ' ಎಂದು ಕೂಗುವುದು ಸಾಮಾನ್ಯ. ಸಂಬಂಧದ ಹೆಸರನ್ನು ಹೀಗೆ ಧಾರಾಳವಾಗಿ ಕೊಟ್ಟವರು ಸಂಬಂಧ ಬೆಳೆಸುವ ಮಾತು ಬಂದಾಗ ಹಿಂದೆ ಸರಿದದ್ದೇ ಹೆಚ್ಚು.

ಹುಡುಗಿಗೂ ಕಡೆಗೆ ಒದಗುವುದು ಅದೇ ಸಂಬಂಧವಾಚಕ. 'ಅಣ್ಣ ಇದ್ದಂಗೆ ಕಣಜ್ಜಿ' ಎಂದುಬಿಟ್ಟರೆ ಅಜ್ಜಿ ಎದ್ದು ಕಾಫಿಗೆ ನೀರಿಡುತ್ತಾಳೆ. ಮಾರನೆಯ ದಿನ ಕಾಲೇಜಿನಲ್ಲಿ ಅವನು ಮತ್ತೆ 'ಫ್ರೆಂಡು'.