ಕಳಂಕ ತೊಡೆಯುವ ಹಣ ಯಾರ ಕೈಯಲ್ಲಿರಬೇಕು?

ನಮ್ಮ ದೇಶದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಎಚ್.ಐ.ವಿ. ಸೋಂಕಿತರಿಗೆ 2004ರ ಏಪ್ರಿಲ್‌ನಿಂದ ಉಚಿತವಾಗಿ ಔಷಧಿ ದೊರೆಯುತ್ತಿದೆ. ಔಷಧಿಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿನ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಆ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದೂ ಈಗ ದೃಢಪಟ್ಟಿದೆ. ಹೀಗಿದ್ದೂ ತಮ್ಮ ಊರಿನ ಆಸ್ಪತ್ರೆಯನ್ನು ಬಿಟ್ಟು, ಎರಡು ಬಸ್ಸು ಬದಲಾಯಿಸಿ ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಹೋಗುವವರಿದ್ದಾರೆ. ಪರಿಚಯದವರು ನೋಡಿಬಿಟ್ಟರೆ ಎಂಬ ಅಂಜಿಕೆ ಅವರದು. ಈ ಅಂಜಿಕೆಯನ್ನು ಹುಟ್ಟಿಸುವ ಸಾಮಾಜಿಕ ತಿರಸ್ಕಾರಕ್ಕೆ ಕಳಂಕ ಎನ್ನುತ್ತೇವೆ.

ಕೆಲವರ ಪಾಲಿಗೆ ಈ ಕಳಂಕ ಇಮ್ಮಡಿ. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ, ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತಪರೀಕ್ಷೆಯಿಂದ. ಅಂದಿನಿಂದ ಇದು 'ಅಂಥವರ ರೋಗ' ಎಂಬ ಭಾವನೆ ಬೇರೂರಿತು. ಲೈಂಗಿಕ ವೃತ್ತಿಯವರು, ಲೈಂಗಿಕ ಅಲ್ಪಸಂಖ್ಯಾತರು, ಮಾದಕ ಚುಚ್ಚುಮದ್ದಿನ ಚಟಕ್ಕೆ ಬಿದ್ದವರು ಮೊದಲೇ ಸಮಾಜದ ಅಂಚಿನಲ್ಲಿದ್ದವರು. ಸೋಂಕು ಅವರನ್ನು ಇನ್ನಷ್ಟು ಹೊರಗೆ ತಳ್ಳಿತು. ಭಯ ಹುಟ್ಟಿಸುವ ಭಿತ್ತಿಪತ್ರಗಳಿಗೂ ಆ ದಿನಗಳಲ್ಲಿ ಹಣ ಖರ್ಚಾಯಿತು. ಅವುಗಳಿಂದ ಕಳಂಕ ಕಡಿಮೆಯಾಗಲಿಲ್ಲ, ಬಹುಶಃ ಹೆಚ್ಚಿತು.

ಬೇರೊಂದು ದಾರಿ ಕಲ್ಕತ್ತೆಯ ಸೋನಾಗಾಚಿಯಲ್ಲಿ 1992ರಲ್ಲಿ ತೆರೆಯಿತು. ಅಲ್ಲಿನ ಮಹಿಳೆಯರಿಗೇ ತರಬೇತಿ ಕೊಟ್ಟು, ಆರೋಗ್ಯದ ಮಾತನ್ನು ಅವರಿಂದಲೇ ಅವರ ನೆರೆಹೊರೆಗೆ ತಲುಪಿಸಲಾಯಿತು. ಕೆಲವೇ ವರ್ಷಗಳಲ್ಲಿ ಅವರು ತಮ್ಮದೇ ಸಂಘಟನೆಯನ್ನೂ ಸಹಕಾರಿ ಸಂಘವನ್ನೂ ಕಟ್ಟಿಕೊಂಡರು.

ನಮ್ಮ ಮೈಸೂರಿನಲ್ಲಿ ಇಂಥದೇ ಕೆಲಸ 2004ರಲ್ಲಿ ಆರಂಭವಾಯಿತು. ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆಯ ಹಣ ಅದಕ್ಕೆ ಒದಗಿತು. ಅದರಿಂದ ಬೆಳೆದದ್ದೇ ಲೈಂಗಿಕ ವೃತ್ತಿಯವರ ಸಂಘಟನೆಯಾದ ಆಶೋದಯ ಸಮಿತಿ. (ಸರ್ಕಾರಿ ಕಡತಗಳಲ್ಲಿ ಇವರಿಗೆ 'ದಮನಿತ ಮಹಿಳೆಯರು' ಎಂಬ ಹೆಸರಿದೆ. ಆದರೆ ಈ ಸಮಿತಿಯಲ್ಲಿ ಪುರುಷರೂ ಲಿಂಗ ಪರಿವರ್ತಿತರೂ ಇದ್ದಾರೆ.) ಮೊದಲು ಆಗಬೇಕಿದ್ದ ಕೆಲಸ ಏನೆಂದು ಆ ಮಹಿಳೆಯರನ್ನು ಕೇಳಿದ್ದರೆ ಎಚ್.ಐ.ವಿ.ಯ ಮಾತೇ ಮೊದಲು ಬರುತ್ತಿರಲಿಲ್ಲ. ಪುಂಡರ ಹೊಡೆತ, ಪೊಲೀಸರ ಕಾಟ, ಹಗಲು ಹೊತ್ತು ಕಾಲು ಚಾಚಿ ಕೂರಲು ಒಂದು ಜಾಗವಿಲ್ಲದಿರುವುದು ಅವರ ನಿತ್ಯದ ಕಷ್ಟಗಳು. ಆದ್ದರಿಂದ ಚಿಕಿತ್ಸಾಲಯದ ಜೊತೆಗೆ ಒಂದು ತಂಗುದಾಣ ಬಂತು. ಹಲ್ಲೆಯಾದಾಗ ಕೂಡಲೇ ಓಡಿಬರುವ ತಂಡ ಸಿದ್ಧವಾಯಿತು, ಪೊಲೀಸರೊಂದಿಗೆ ಮಾತುಕತೆ ನಡೆಯಿತು. ಹೊರಗಿನಿಂದ ನೋಡುವವರಿಗೆ ಇವು ಆರೋಗ್ಯದ ಖರ್ಚು ಎನಿಸಲಿಕ್ಕಿಲ್ಲ. ಆದರೆ ಆ ನಗರದಲ್ಲಿ 2004 ಮತ್ತು 2006ರಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ, ಈ ವೃತ್ತಿಯ ಮಹಿಳೆಯರಲ್ಲಿ ಸಿಫಿಲಿಸ್ ರೋಗ ಶೇ. 25ರಿಂದ ಶೇ. 12ಕ್ಕೆ ಇಳಿದಿತ್ತು.

2008ರಲ್ಲಿ ವಿಶ್ವಬ್ಯಾಂಕು ಮತ್ತಿತರ ಸಂಸ್ಥೆಗಳು ದಕ್ಷಿಣ ಏಷ್ಯಾದ ಸಂಘಟನೆಗಳಿಗಾಗಿ ಒಂದು ಸ್ಪರ್ಧೆ ನಡೆಸಿದವು. ಎಚ್.ಐ.ವಿ. ಕಳಂಕವನ್ನು ತೊಡೆಯುವ ಹೊಸ ಉಪಾಯ ಯಾವುದು ಎಂಬುದೇ ಪ್ರಶ್ನೆ. ಆಯ್ಕೆಯಾದ 26 ಯೋಜನೆಗಳಿಗೆ ತಲಾ 40 ಸಾವಿರ ಡಾಲರ್‌ವರೆಗೆ, ಅಂದರೆ ಆಗಿನ ಲೆಕ್ಕದಲ್ಲಿ ಹದಿನಾರು ಹದಿನೇಳು ಲಕ್ಷ ರೂಪಾಯಿವರೆಗೆ, ನೆರವು ದೊರೆಯಿತು. ಮೈಸೂರಿನವರು ಆ ಹಣದಿಂದ ತೆರೆದದ್ದು ಒಂದು ಹೋಟೆಲು! ಉಪಾಯ ಬಹಳ ಸರಳ. ಯಾರನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದರೋ ಅವರು ಬಡಿಸಿದ ಊಟವನ್ನು ಅದೇ ಜನ ದುಡ್ಡು ಕೊಟ್ಟು ಉಣ್ಣಬೇಕು. ನಮ್ಮ ನಾಡಿನಲ್ಲಿ ಯಾರು ಬಡಿಸಿದರೆ ಯಾರು ಉಣ್ಣುತ್ತಾರೆ ಎಂಬುದಕ್ಕೆ ಎಷ್ಟು ಅರ್ಥವಿದೆಯೆಂದು ವಿದ್ಯಾರ್ಥಿಗಳಿಗೆ ವಿವರಿಸಬೇಕಿಲ್ಲ. ದೂರದ ಕಚೇರಿಯಲ್ಲಿ ಕುಳಿತ ತಜ್ಞರಿಗೆ ಇದು ಹೊಳೆಯುತ್ತಿತ್ತೆ? ನನಗಂತೂ ಸಂಶಯ.

ಆದರೆ ಇಂಥ ಕೆಲಸಕ್ಕೆ ಹಣ ಹೊಂದಿಸುವುದು ಕಷ್ಟ. ಹಂಚಿದ ಕಾಂಡೋಮು, ಮಾಡಿಸಿದ ರಕ್ತಪರೀಕ್ಷೆ ಇವನ್ನು ಎಣಿಸಿ ವರದಿ ಬರೆಯಬಹುದು. ಮನೆ ಮಾಲೀಕರೊಬ್ಬರ ಮನಸ್ಸು ಬದಲಾದದ್ದನ್ನು ಯಾವ ಕಲಮಿನಲ್ಲಿ ತುಂಬುವುದು? ಆ 2008ರ ನೆರವಿನ ಅವಧಿಯೂ ಒಂದು ಒಂದೂವರೆ ವರ್ಷದ್ದು. ತಲೆಮಾರುಗಳಿಂದ ಬಂದ ತಿರಸ್ಕಾರ ಅಷ್ಟರಲ್ಲಿ ಕರಗುವುದಿಲ್ಲ.

ಇನ್ನು ಕಾನೂನಿನ ತೊಡಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಂತೆ, ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಹಣ ದುರುಪಯೋಗವಾಗಬಾರದೆಂಬುದು ಸರ್ಕಾರದ ವಾದ, ಅದನ್ನು ತಳ್ಳಿಹಾಕಲಾಗದು. ಆದರೆ ದೊಡ್ಡ ಸಂಸ್ಥೆಗಳ ಮೂಲಕವೇ ನೆರವು ಪಡೆಯುತ್ತಿದ್ದ ಸಣ್ಣ ಸಂಘಗಳಿಗೆ ಆ ಬಾಗಿಲು ಮುಚ್ಚಿತು.

ವಿದೇಶಿ ಹಣವನ್ನೇ ನೆಚ್ಚಿಕೊಳ್ಳುವುದೂ ಕ್ಷೇಮವಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ಆಫ್ರಿಕದ ಹಲವು ದೇಶಗಳಲ್ಲಿ ಇಂಥ ಸಮುದಾಯ ಕೇಂದ್ರಗಳೇ ಬೀಗ ಹಾಕಬೇಕಾಯಿತು. ನಮ್ಮಲ್ಲಿ ಅಷ್ಟು ಪೆಟ್ಟು ಬೀಳಲಿಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೆಯ ಹಂತಕ್ಕೆ, ಅಂದರೆ 2021ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ, ಕೇಂದ್ರ ಸರ್ಕಾರವೇ ಸುಮಾರು 15,472 ಕೋಟಿ ರೂಪಾಯಿ ಗೊತ್ತುಪಡಿಸಿತ್ತು. ಅದರಲ್ಲಿ ಸಮುದಾಯದವರೇ ತೀರ್ಮಾನಿಸಿ ಖರ್ಚು ಮಾಡುವ ಪಾಲೆಷ್ಟು ಎಂಬುದು ಕೇಳಬೇಕಾದ ಪ್ರಶ್ನೆ. ಸಾಮಾಜಿಕ ಅಡೆತಡೆಗಳನ್ನು ನಿವಾರಿಸುವ ಕಾರ್ಯಕ್ರಮಗಳಲ್ಲಿ ಶೇ. 60ರಷ್ಟನ್ನು 2025ರೊಳಗೆ ಸಮುದಾಯ ಸಂಘಟನೆಗಳೇ ನಡೆಸುವಂತಾಗಬೇಕೆಂದು 2021ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗುರಿ ಇರಿಸಿತ್ತು.

ನಮ್ಮ ಅನೇಕ ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್ಬುಗಳಿವೆ, ಅವಕ್ಕೆ ಒಂದಿಷ್ಟು ಹಣವೂ ಬರುತ್ತದೆ. ಡಿಸೆಂಬರ್ 1ರಂದು ಜಾಥಾ, ಬ್ಯಾನರು, ಒಂದು ಭಾಷಣ ಇದ್ದೇ ಇರುತ್ತದೆ. ಈ ಸಲ ವೇದಿಕೆಗೆ ಇಂಥದೊಂದು ಸಂಘಟನೆಯ ಸದಸ್ಯೆಯನ್ನು ಕರೆಯಬಹುದೆ, ಬೇರೆ ಅತಿಥಿಗಳಿಗೆ ಕೊಡುವಷ್ಟೇ ಗೌರವಧನವನ್ನೂ ಪ್ರಯಾಣದ ಖರ್ಚನ್ನೂ ಆಕೆಗೂ ಕೊಡಬಹುದೆ ಎಂದು ನಿಮ್ಮ ಸಂಚಾಲಕರನ್ನು ಕೇಳಿ ನೋಡಿ.