ಉಪ್ಪಾಗೆಯ ಒಲೆ ಮತ್ತು ಮರದ ಹಕ್ಕು

ಪಶ್ಚಿಮ ಘಟ್ಟದ ಕಿರು ಅರಣ್ಯ ಉತ್ಪನ್ನಗಳಲ್ಲಿ ಉಪ್ಪಾಗೆಯ ಕಷ್ಟವೆಲ್ಲ ಅದು ಹಣ್ಣಾಗುವ ಕಾಲದಲ್ಲಿದೆ. ಅದರ ದಾಯಾದಿ ಮುರುಗಲು ಬೇಸಿಗೆಯಲ್ಲಿ ಬರುತ್ತದೆ. ಅಂಗಳದ ಬಿಸಿಲಿಗೆ ಹರವಿದರೆ ಅರ್ಧ ಕೆಲಸ ಮುಗಿಯಿತು. ಉಪ್ಪಾಗೆ ಮಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟಗಳಲ್ಲಿ ಜಡಿಮಳೆ ಹಿಡಿದಿರುವಾಗ. ಬಿಡಿಸಿದ ಸಿಪ್ಪೆಗೆ ಬೇಗನೆ ಬೂಸ್ಟು ಬರುತ್ತದೆ. ಆದ್ದರಿಂದ ಒಲೆಯ ಮೇಲೆ ತಟ್ಟಿ ಕಟ್ಟಿ, ಸಿಪ್ಪೆ ಹರವಿ, ಹಗಲು ರಾತ್ರಿ ಬೆಂಕಿ ಕಾಯುವುದು ರೂಢಿ. ಗ್ರಾಮೀಣ ಸಂಸ್ಕರಣೆಯ ಮಾತು ಬಂದಾಗಲೆಲ್ಲ ತೋರಿಸಲಾಗುವ ಸೌರ ಡ್ರೈಯರ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು.

ಹುಳಿಯಿಂದ ಮಾತ್ರೆಗೆ

ಮೊದಲು ಉಪ್ಪಾಗೆಯ ಸಿಪ್ಪೆ ಅಡುಗೆಯ ಹುಳಿಯಾಗಿತ್ತು. ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ತುಪ್ಪವನ್ನು ತೆಗೆದಿಡುತ್ತಿದ್ದರು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈತೂಕ ಇಳಿಸುತ್ತದೆಂಬ ಪ್ರಚಾರ 1990ರ ದಶಕದಲ್ಲಿ ವಿದೇಶಗಳಲ್ಲಿ ಹಬ್ಬಿದ ಮೇಲೆ ಈ ಚಿತ್ರ ಬದಲಾಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದ ಪ್ರಯೋಗದಲ್ಲಿ, ಔಷಧವಿಲ್ಲದ ಮಾತ್ರೆ ನುಂಗಿದವರಿಗಿಂತ ಈ ಆಮ್ಲದ ಮಾತ್ರೆ ನುಂಗಿದವರ ತೂಕವೇನೂ ಗಮನಾರ್ಹವಾಗಿ ಹೆಚ್ಚು ಇಳಿದಿರಲಿಲ್ಲ. ಮಾರಾಟವಂತೂ ನಿಲ್ಲಲಿಲ್ಲ. ಬೇಡಿಕೆ ಏರಿದಂತೆ ಕಾಡಿನಲ್ಲಿ ಪೈಪೋಟಿ ಹುಟ್ಟಿತು. ಇಂದು ಬಿಟ್ಟ ಕಾಯಿ ನಾಳೆ ಬೇರೆಯವರ ಪಾಲು ಎಂದಾದಾಗ ಹಣ್ಣಾಗುವವರೆಗೆ ಕಾಯುವವರು ಯಾರು? ಎಳೆಗಾಯಿ ಕೊಯ್ದರು, ಎತ್ತರದ ಕೊಂಬೆಗಳನ್ನೇ ಕಡಿದರು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕೊಡಲಿಯ ಪೆಟ್ಟು ಬೀಳುವುದು ಕಾಯಿ ಬಿಡುವ ಮರಕ್ಕೇ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಈ ಹಣ್ಣಿನಲ್ಲಿ ಪಾಲಿದೆ ಎಂಬುದು ಲೆಕ್ಕಕ್ಕೆ ಬರುವುದು ಅಪರೂಪ.

ಒಲೆ ಉಳಿಸುವುದೇನು?

ತೆರೆದ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ, ಹೊಗೆ ಸಿಪ್ಪೆಗೂ ಬೆಂಕಿ ಕಾಯುವವರ ಕಣ್ಣಿಗೂ ಹತ್ತುತ್ತದೆ. ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಇಟ್ಟಿಗೆಯ ಮುಚ್ಚಿದ ಗೂಡು, ಹೊಗೆಯನ್ನು ಹೊರಗೊಯ್ಯುವ ಕೊಳವೆ, ಒಂದರ ಮೇಲೊಂದು ಜೋಡಿಸಿದ ಜಾಲರಿ ತಟ್ಟೆಗಳಿದ್ದರೆ ಕಡಿಮೆ ಕಟ್ಟಿಗೆಯಲ್ಲಿ ಹೊಗೆವಾಸನೆಯಿಲ್ಲದ ಸಿಪ್ಪೆ ಸಿಗುತ್ತದೆ. ಊರಿನ ಗಾರೆ ಕೆಲಸದವರೇ ಇದನ್ನು ಕಟ್ಟಬಲ್ಲರು. ಚೆನ್ನಾಗಿ ಒಣಗಿದ ಸಿಪ್ಪೆಯನ್ನು ಕೂಡಿಟ್ಟುಕೊಂಡು ಬೆಲೆಗಾಗಿ ಕಾಯಬಹುದು. ಹಸಿ ಸಿಪ್ಪೆ ಇಟ್ಟುಕೊಂಡವನಿಗೆ ಚೌಕಾಶಿಯ ಬಲವಿಲ್ಲ.

ಒಣಗಿಸುವುದು ಸುಲಭವಾದರೆ ಕೊಯ್ಲೂ ಹೆಚ್ಚುತ್ತದೆ ಎಂಬ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಟ್ಟಿಗೆಯ ಉಳಿತಾಯವನ್ನು ಹೆಚ್ಚುವರಿ ಕೊಯ್ಲು ನುಂಗಿಹಾಕಬಹುದು. ಆದರೆ ಅವಸರದ ಕೊಯ್ಲಿನ ಬೇರು ಒಲೆಯಲ್ಲಿಲ್ಲ, ಮರ ಯಾರದೆಂಬ ಅನಿಶ್ಚಿತತೆಯಲ್ಲಿದೆ. ಕೊಯ್ಲಿನ ಟೆಂಡರ್ ಹಿಡಿದ ಗುತ್ತಿಗೆದಾರನಿಗೆ ಆ ಅವಧಿಯ ಫಸಲಷ್ಟೇ ಮುಖ್ಯ. ಅವನಿಗೆ ಕಾಯಿ ತಂದುಕೊಡುವವನಿಗೆ ಮರದ ಮೇಲೆ ಹಕ್ಕೇ ಇಲ್ಲ. ಆದ್ದರಿಂದ ಗೂಡಿಗೆ ಸಹಾಯಧನ ಕೊಡುವ ಮೊದಲು ಕೊಯ್ಲಿನ ಹಕ್ಕು ಊರಿನದೆಂದು ಖಚಿತಪಡಿಸುವುದು ಯುಕ್ತ.

ಕಾನೂನಿನಲ್ಲಿ ಅದಕ್ಕೆ ಜಾಗವಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಕಿರು ಉತ್ಪನ್ನಗಳ ಒಡೆತನವನ್ನೇ ಕೊಡುತ್ತದೆ. ಆದರೆ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಉತ್ತರ ಕನ್ನಡದ ಹಲವು ಅರ್ಜಿಗಳು ತಡೆದು ನಿಂತಿರುವುದು ಈ ಷರತ್ತಿನಲ್ಲೇ.