ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಯೇ?

ಚೌಳಹಿರಿಯೂರಿನಂಥ ಊರಿನ ಬಸ್ ನಿಲ್ದಾಣದಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಸುತ್ತ ನೆರೆದವರು ಮೊದಲು ಹುಡುಕುವುದು ಬೀಗದ ಕೈಯನ್ನು. ಅದು ಸಿಗದಿದ್ದರೆ ಕುಡುಗೋಲು, ಇಲ್ಲವೇ ಮೂಗಿಗೆ ಹಿಡಿಯಲು ಜಜ್ಜಿದ ಈರುಳ್ಳಿ. ಕಬ್ಬಿಣ ಹಿಡಿಸಿದ ಮೇಲೆ ಫಿಟ್ಸ್ ನಿಂತದ್ದನ್ನು ಕಣ್ಣಾರೆ ಕಂಡೆವು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜ, ಕಟ್ಟಿದ ಕಾರಣ ತಪ್ಪು. ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಕೇತಗಳು ಒಮ್ಮೆಲೇ ಅಂಕೆ ಮೀರಿದಾಗ ಮೈ ಸೆಟೆದು ಅದುರುತ್ತದೆ. ಬಹುಪಾಲು ಅದು ಒಂದೆರಡು ನಿಮಿಷದಲ್ಲಿ ತಾನಾಗಿಯೇ ಅಡಗುತ್ತದೆ. ಬೀಗದ ಕೈ ಹುಡುಕಿ ತಂದು, ಬಿಗಿದ ಮುಷ್ಟಿ ಬಿಡಿಸಿ ಹಿಡಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ತಾನಾಗಿ ನಿಂತದ್ದರ ಕೀರ್ತಿ ಕಬ್ಬಿಣದ ಪಾಲಾಗುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಬೇರೆ: ತಲೆಯಡಿಗೆ ಮೆತ್ತನೆಯ ಬಟ್ಟೆ ಇಟ್ಟು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು.

‘ತಲೆಗೆ ಎರೆದುಕೊಳ್ಳುವಾಗ ಮಾತ್ರ ಬರುತ್ತದಲ್ಲ, ಕಾಯಿಲೆ ಹೊತ್ತು ನೋಡಿ ಬರುತ್ತದೆಯೇ? ಇದು ಗಾಳಿ ಸೋಕಿದ್ದೇ’ ಎಂಬ ವಾದವೂ ಇದೆ. ಪ್ರಶ್ನೆ ಒಳ್ಳೆಯದೇ, ಉತ್ತರವೆಂದರೆ, ಹೊತ್ತು ನೋಡಿ ಬರುವ ಮೂರ್ಛೆ ರೋಗವೂ ಇದೆ. ಬಿಸಿನೀರಿನ ಅಪಸ್ಮಾರ ಎಂಬ ಬಗೆ ಜಗತ್ತಿನ ಬೇರೆಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಹಾಗಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ದಶಕಗಳಿಂದ ಅಭ್ಯಸಿಸಿದ್ದಾರೆ. ಹಂಡೆಯ ಸುಡುನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿದಾಗ, ಆ ಬಿಸಿಯೂ ಸ್ಪರ್ಶವೂ ಸೇರಿ ಕೆಲವರ ಮಿದುಳನ್ನು ಕೆರಳಿಸುತ್ತವೆ. ನೀರಿನ ಬಿಸಿ ಇಳಿಸಿ, ತಲೆಗೆ ಒಂದೇ ಸಮನೆ ಸುರಿಯುವುದನ್ನು ಬಿಟ್ಟರೆ ಅನೇಕರಿಗೆ ಮತ್ತೆ ಬರುವುದಿಲ್ಲ. ಅಷ್ಟಕ್ಕೂ ನಿಲ್ಲದಿದ್ದರೆ ಸ್ನಾನಕ್ಕೆ ಮುಂಚೆ ನುಂಗುವ ಕ್ಲೋಬಜಾಮ್ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ನೀರು ಉಗುರುಬೆಚ್ಚಗಾದೊಡನೆ ಊರು ಬಿಡುವ ಗಾಳಿಯನ್ನು ಯಾರೂ ಕಂಡಿಲ್ಲ.

‘ಮಾತ್ರೆಯ ಜೊತೆಗೆ ಹರಕೆ, ತಾಯತ ಇದ್ದರೆ ಏನು ನಷ್ಟ?’ ಎಂದು ಕೇಳಬಹುದು. ಜೊತೆಗಿದ್ದರೆ ನಷ್ಟವಿಲ್ಲ, ಮಾತ್ರೆಯ ಬದಲಿಗೆ ಬಂದರೆ ವರ್ಷಗಳೇ ನಷ್ಟ. ಈ ಕಾಯಿಲೆ ಹಳ್ಳಿಗಳಲ್ಲೇ ಹೆಚ್ಚು: ಲಕ್ಷಕ್ಕೂ ಮಿಕ್ಕಿ ಜನರನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಬೆಂಗಳೂರು ಸಮೀಕ್ಷೆಯಲ್ಲಿ ಮೂರ್ಛೆ ರೋಗ ನಗರದಲ್ಲಿ ಸಾವಿರಕ್ಕೆ ಸುಮಾರು 6, ಹಳ್ಳಿಗಳಲ್ಲಿ ಸುಮಾರು 12 ಮಂದಿಗೆ ಕಂಡುಬಂತು. ಹಳ್ಳಿಗಾಡಿನಲ್ಲಿ ಚಿಕಿತ್ಸೆ ಸಾಧ್ಯವೇ ಎಂಬ ಅನುಮಾನಕ್ಕೂ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಉತ್ತರ ಕೊಟ್ಟಿದ್ದಾರೆ. ಫಿನೋಬಾರ್ಬಿಟೋನ್, ಫಿನಿಟೊಯಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳನ್ನು ತಪ್ಪದೆ ನುಂಗಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಿಟ್ಸ್ ಹತೋಟಿಗೆ ಬಂದಿತ್ತು. ‘ಮಾತ್ರೆ ತಿಂದೂ ಬಂತಲ್ಲ’ ಎನ್ನುವವರು ನಡುವೆ ಎಷ್ಟು ದಿನ ಬಿಟ್ಟಿದ್ದರೆಂಬುದನ್ನೂ ಲೆಕ್ಕ ಹಾಕಬೇಕು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನಷ್ಟು ಜೋರಾಗಿ ಮರಳಬಹುದು. ಹತೋಟಿಗೆ ಬಾರದವರಿಗೆ ಬೇರೆ ಔಷಧಗಳಿವೆ, ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಇದೆ.

ಇಷ್ಟಾದರೂ ಮನೆಯವರು ಕಾಯಿಲೆಯನ್ನು ಮುಚ್ಚಿಡುವುದು ಮದುವೆಯ ಭಯದಿಂದ. ಮೂರ್ಛೆ ರೋಗ ಅಂಟುವುದಿಲ್ಲ, ಹೆಚ್ಚಿನವರಲ್ಲಿ ಮಕ್ಕಳಿಗೂ ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದನ್ನು ಮದುವೆಗೆ ಅಡ್ಡಿಯೆಂದು ಹೇಳಿದ್ದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಮುಚ್ಚಿಟ್ಟರೆ ಬಂಧುಗಳ ಕಣ್ಣಿಗೆ ಬೀಳದಿರಲೆಂದು ಮಾತ್ರೆಯೂ ತಪ್ಪುತ್ತದೆ, ಮಾತ್ರೆ ತಪ್ಪಿದರೆ ಮುಚ್ಚಿಟ್ಟದ್ದು ಮದುವೆಮನೆಯಲ್ಲೇ ಬಯಲಾಗುತ್ತದೆ. ಆದ್ದರಿಂದ ಎರಡೂ ಕಡೆಯವರಿಗೆ ಮೊದಲೇ ಹೇಳಿ, ಚಿಕಿತ್ಸೆಯನ್ನು ಬಹಿರಂಗವಾಗಿಯೇ ಮುಂದುವರಿಸುವುದು ಕ್ಷೇಮ.